ಸೇಡಿನ ಕೊಂಬು ಮುರಿದರೆ ಯಾವ ಸ್ಟೇಷನ್?

ಮಕ್ಕಳೇ, ಮೊದಲು ಒಂದು ಒಗಟು. ಪೆನ್ಸಿಲ್ಲು, ಹಾಳೆ ತೆಗೆದುಕೊಳ್ಳಿ. ಇದನ್ನು ಬಾಯಲ್ಲಿ ಬಿಡಿಸುವುದಕ್ಕಿಂತ ಬರೆದು ಬಿಡಿಸುವುದು ಸುಲಭ.

“ಸೇಡಿನ ಕೊಂಬು ಮುರಿದೆ, ಬಾಲಕ್ಕೊಂದು ಸೊನ್ನೆ ಕಟ್ಟಿದೆ. ಯಾವ ಸ್ಟೇಷನ್ ಬಂತು?”

‘ಸೇಡು’ ಎಂದು ಬರೆಯಿರಿ. ‘ಡು’ ಅಕ್ಷರದ ಕೊಂಬನ್ನು ಅಳಿಸಿ. ‘ಸೇಡ’ ಉಳಿಯಿತು. ಅದರ ಪಕ್ಕದಲ್ಲಿ ಒಂದು ಸೊನ್ನೆ ಬರೆಯಿರಿ. ಸೇಡಂ! ಸಿಕಂದರಾಬಾದಿಗೆ ಹೋಗುವ ಗಾಡಿಯಲ್ಲಿ ಕುಳಿತರೆ ಚಿತ್ತಾಪುರ, ಮಳಖೇಡ ರೋಡ್ ಆದ ಮೇಲೆ ಬರುವ ಊರು. ಸೇಡಿನ ಕೊಂಬು ಮುರಿದರೆ ಉಳಿಯುವುದು ಸೊನ್ನೆ ಎಂದು ಅಜ್ಜಂದಿರು ಇದಕ್ಕೆ ಇನ್ನೊಂದು ಅರ್ಥ ಹೇಳಿಕೊಳ್ಳಬಹುದು. ಮಕ್ಕಳಿಗೆ ಅಷ್ಟು ಬೇಡ.

ಈ ಒಗಟನ್ನು ನಾನು ಪುಣೆಯಿಂದ ರಜೆಗೆ ಬಂದ ಮೊಮ್ಮಗನಿಗೆ ಹಾಕಿದೆ. ಐದನೆಯ ತರಗತಿ ಹುಡುಗ, ಬಹಳ ಚುರುಕು. ಆದರೆ ಸ್ಟೇಷನ್ನಿನ ಹಳದಿ ಫಲಕದಲ್ಲಿ ಅವನ ಕಣ್ಣು ಹೋಗುವುದು ಕೆಳಗಿನ ಇಂಗ್ಲಿಷ್ ಸಾಲಿಗೆ. ಆ ಸಾಲನ್ನು ಎಷ್ಟು ಹೊತ್ತು ನೋಡಿದರೂ ಅಲ್ಲಿ ಕೊಂಬೂ ಇಲ್ಲ, ಸೊನ್ನೆಯೂ ಇಲ್ಲ. “ಮುತ್ಯಾ, ಕೊಂಬು ಅಂದರೆ ಎತ್ತಿಂದಲ್ಲಾ?” ಎಂದ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಫಲಕದ ಮೇಲಿನ ಸಾಲು ತೋರಿಸಿದೆ. ನಮ್ಮ ಸ್ಟೇಷನ್ನುಗಳಲ್ಲಿ ಮೇಲೆ ಕನ್ನಡ, ನಡುವೆ ಹಿಂದಿ, ಕೆಳಗೆ ಇಂಗ್ಲಿಷ್ ಇರುತ್ತದೆ. ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಉತ್ತರ ಸಿಕ್ಕಾಗ ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡುವ ಹಾಗೆ ಕೂಗಿದ. ಮುಂದಿನ ಸ್ಟೇಷನ್ ಬರುವ ತನಕ ಅವನಿಗೆ ಮೊಬೈಲ್ ನೆನಪಾಗಲಿಲ್ಲ.

ಈ ಆಟ ನನ್ನದೊಬ್ಬನ ಆಸ್ತಿಯಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ವಾಡಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುತ್ತಿದ್ದೆ. ನಮ್ಮಂಥವರಿಗೆ ‘ಅಪ್-ಡೌನಿನವರು’ ಎಂದು ಹೆಸರು. ಸಾಲಿ ಮಾಸ್ತರರು, ಕೋರ್ಟಿನ ಕಾರಕೂನರು, ಸಿಮೆಂಟ್ ಫ್ಯಾಕ್ಟರಿಯವರು, ಆಸ್ಪತ್ರೆಯ ನರ್ಸಮ್ಮಂದಿರು, ಎಲ್ಲರದೂ ತಿಂಗಳ ಪಾಸು, ಎಲ್ಲರದೂ ಅದೇ ಡಬ್ಬಿ. ಗೂಡ್ಸ್ ಗಾಡಿಗೆ ದಾರಿ ಬಿಡಲು ನಮ್ಮ ಪ್ಯಾಸೆಂಜರ್ ಹೊಲದ ನಡುವೆ ನಿಂತರೆ ಕೆಲವರು ಇಸ್ಪೀಟು ತೆಗೆಯುತ್ತಿದ್ದರು. ಇಸ್ಪೀಟು ಬಾರದ ನಾವು ಕಿಟಕಿಯ ಹೊರಗೆ ಕಾಣುವ ಹೆಸರನ್ನೇ ಮುರಿದು ಆಡುತ್ತಿದ್ದೆವು.

ಎರಡು ನಿಯಮ ಇದ್ದವು. ಹೆಸರನ್ನು ಎಲ್ಲಿ ಬೇಕಾದರೂ ಮುರಿಯಬಹುದು, ಆದರೆ ಮುರಿದ ತುಂಡುಗಳಿಗೆ ಅರ್ಥ ಇರಬೇಕು. ಮತ್ತು ಯಾವ ಜಾತಿಯನ್ನೂ, ಯಾರ ಅಂಗವಿಕಲತೆಯನ್ನೂ ಆಡಿಕೊಳ್ಳಬಾರದು. ಎರಡನೆಯದನ್ನು ಹಾಕಿದವರು ಒಬ್ಬ ನರ್ಸಮ್ಮ. ಅದನ್ನು ಮೀರಿದವ ಆ ದಿನ ಎಲ್ಲರಿಗೂ ಚಹಾ ಕುಡಿಸಬೇಕಿತ್ತು.

ವಾಡಿಯಿಂದಲೇ ಶುರು ಮಾಡೋಣ. “ಮುಂದೆ ಅಂಗನ ಕಟ್ಟಿದರೆ ಕೂಸುಗಳ ಸಾಲಿ, ಹಿಂದೆ ‘ಕೆ’ ಕಟ್ಟಿದರೆ ರೂಢಿ, ಏನೂ ಕಟ್ಟದಿದ್ದರೆ ಮೂರು ದಿಕ್ಕಿನ ಗಾಡಿ.” ಅಂಗನವಾಡಿ, ವಾಡಿಕೆ, ವಾಡಿ. ಮೂರು ದಿಕ್ಕು ಎನ್ನುವುದು ಬರೀ ಪ್ರಾಸಕ್ಕೆ ಹೇಳಿದ್ದಲ್ಲ. ಸೊಲ್ಲಾಪುರದ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿ, ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಹೈದರಾಬಾದ್ ಮಾತ್ರ ಬದಿಗೆ ಉಳಿಯಿತು. ನಿಜಾಮರ ಸರ್ಕಾರ ವಾಡಿಯಿಂದ ಸಿಕಂದರಾಬಾದಿಗೆ ಬೇರೆ ಹಳಿ ಹಾಕಿಸಿತು. 1874ರಲ್ಲಿ ಆ ದಾರಿಯಲ್ಲಿ ಗಾಡಿ ಓಡಿತು. ಅಂದಿನಿಂದ ವಾಡಿ ಜಂಕ್ಷನ್. ಇನ್ನೊಂದು ಮಜಾ ಕೇಳಿ. ರೈಲ್ವೆಯವರು ಪ್ರತಿ ಸ್ಟೇಷನ್ನಿಗೂ ಇಂಗ್ಲಿಷ್ ಅಕ್ಷರದ ಚಿಕ್ಕ ಗುರುತು ಕೊಡುತ್ತಾರೆ. ವಾಡಿಗೆ ಹೆಸರೇ ಗುರುತು. ಡಬ್ಲ್ಯೂ, ಎ, ಡಿ, ಐ. ಕತ್ತರಿಸಲು ಅವರಿಗೆ ಏನೂ ಉಳಿಯಲಿಲ್ಲ.

ವಾಡಿಗೆ ಪ್ರಾಸ ಸಿಗುವುದೂ ಸುಲಭ. ಮದುವೆಯಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿಸುವುದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆಯಾಕೆ ಅವತ್ತು ಹೇಳಿದ್ದು ಹೀಗೆ: “ವಾಡಿ ಜಂಕ್ಷನ್ನಾಗ ನಿಂತಾವ ಗಾಡಿ ಮ್ಯಾಲ ಗಾಡಿ, ಇವರ ಹೆಸರ ಹೇಳತೀನಿ ಹಾದಿ ಬಿಡ್ರಿ ನೋಡಿ.” ಹೆಸರು ಮಾತ್ರ ಹೇಳದೆ ಒಳಗೆ ಬಂದುಬಿಟ್ಟಳು. ಹೇಳುತ್ತೇನೆ ಎಂದದ್ದೇ ಸಾಕಾಯಿತು.

ಚಿತ್ತಾಪುರದ ಹತ್ತಿರ ಗಾಡಿ ಬಂದರೆ ನಮ್ಮ ಡಬ್ಬಿಯಲ್ಲಿ ಸ್ಪರ್ಧೆ. ಏಕೆಂದರೆ ಆ ಹೆಸರನ್ನು ಮೂರು ತರಹ ಬಿಚ್ಚಬಹುದು. “ಮನಸ್ಸೇ ಊರಾದರೆ?” ಚಿತ್ತ, ಪುರ. ಇದು ಮಾಸ್ತರರ ಒಗಟು. “ಅಖಾಡದಾಗ ಬೆನ್ನಿಗೆ ಮಣ್ಣು ಹತ್ತಿದವ ಯಾವ ಊರಿನವ?” ಚಿತ್ತಾದವನ ಊರು ಚಿತ್ತಾಪುರ. ಇದು ಕುಸ್ತಿ ನೋಡುವವರ ಒಗಟು. ಮೂರನೆಯದನ್ನು ಹೇಳಿದವರು ಸಂತೆಗೆ ಹೊರಟ ಒಬ್ಬ ಹಿರಿಯ ರೈತ. ಪಾಸಿನವರ ಗುಂಪಿನವರಲ್ಲ, ಬಾಗಿಲ ಹತ್ತಿರ ಗಂಟಿನ ಮೇಲೆ ಕುಳಿತು ನಮ್ಮ ಆಟ ಕೇಳುತ್ತಿದ್ದರು. “ನಂದೊಂದು ಬಿಡಸ್ರಿ ಸಾಹೇಬ್ರ” ಎಂದರು. “ಉತ್ತರಿ ಆತು, ಹಸ್ತ ಆತು. ಸ್ವಾತಿ ಇನ್ನಾ ಬರಬೇಕು. ನಡಕ ಯಾವ ಸ್ಟೇಷನ್?”

ಬಿ.ಕಾಂ. ಓದಿದ ನಾನೂ ಸೇರಿ ಯಾರಿಗೂ ಹೊಳೆಯಲಿಲ್ಲ. ಗಾಡಿ ಚಿತ್ತಾಪುರದಲ್ಲಿ ನಿಂತಿತು. ಅವರು ಗಂಟು ಎತ್ತಿಕೊಂಡು ಇಳಿದು, ಕಿಟಕಿಯ ಹೊರಗಿನಿಂದ ಫಲಕದ ಕಡೆ ಕೈ ತೋರಿಸಿ ನಕ್ಕು ಹೋದರು.

ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ರೈತರು ಮಳೆಯನ್ನು ಇಂಗ್ಲಿಷ್ ತಿಂಗಳಿನಿಂದ ಎಣಿಸುತ್ತಿರಲಿಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಮಳೆಗೆ ಅದೇ ಹೆಸರು. ನಕ್ಷತ್ರ 27, ವರ್ಷಕ್ಕೆ 365 ದಿನ. ಭಾಗಿಸಿ ನೋಡಿ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ ಬರುತ್ತದೆ. ಸೆಪ್ಟೆಂಬರ್ ಕೊನೆಗೆ ಹಸ್ತ ಹತ್ತುತ್ತದೆ, ಅಕ್ಟೋಬರ್ ಎರಡನೆಯ ವಾರಕ್ಕೆ ಚಿತ್ತಾ, ಆಮೇಲೆ ಸ್ವಾತಿ. ಹಿಂಗಾರಿ ಜೋಳ ಬಿತ್ತುವವರ ಜೀವ ಈ ಮಳೆಗಳಲ್ಲಿ ಇರುತ್ತದೆ. ಹಸ್ತಕ್ಕೂ ಸ್ವಾತಿಗೂ ನಡುವೆ ಚಿತ್ತಾ, ಅದಕ್ಕೇ ಚಿತ್ತಾಪುರ. ಈಗ ಈ ಒಗಟನ್ನು ಮಕ್ಕಳಿಗೆ ಹಾಕಿದರೆ ಉತ್ತರಿ, ಹಸ್ತ ಎಂದರೆ ಏನು ಎನ್ನುತ್ತಾರೆ. ಮಳೆ ಬರುತ್ತಲೇ ಇದೆ, ಅದರ ಹೆಸರು ಮನೆಯಿಂದ ಹೋಗಿಬಿಟ್ಟಿದೆ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಕೇಳಿ. ಅಶ್ವಿನಿಯಿಂದ ಶುರು ಮಾಡಿಸಿ. ಎಲ್ಲಿ ತಡವರಿಸುತ್ತಾರೋ ಗುರುತು ಹಾಕಿ, ಉಳಿದದ್ದನ್ನು ಪಕ್ಕದ ಮನೆಯವರನ್ನು ಕೇಳಿ ತುಂಬಿಸಿ.

ಚಿತ್ತಾಪುರ ಬಿಟ್ಟು ಮುಂದೆ ಹೋದರೆ “ಮಳೆಗೆ ಕೇಡಾದ ರೋಡು, ಆದರೂ ಗಾಡಿ ನಿಲ್ಲುತ್ತದೆ.” ಮಳಖೇಡ ರೋಡ್. ಕಾಗಿಣಾ ನದಿ ತುಂಬಿದ ವರ್ಷಗಳನ್ನು ನೋಡಿದವರಿಗೆ ಈ ಒಗಟು ಒಗಟೇ ಅಲ್ಲ, ವರದಿ. ಸ್ಟೇಷನ್ ಹೆಸರಿನ ಬಾಲಕ್ಕೆ ‘ರೋಡ್’ ಇದ್ದರೆ ಮಕ್ಕಳು ಒಂದು ಗುಟ್ಟು ತಿಳಿದಿರಬೇಕು. ಊರು ಅಲ್ಲಿಲ್ಲ, ಊರಿಗೆ ಹೋಗುವ ದಾರಿ ಅಲ್ಲಿದೆ ಎಂದು ಅದರ ಅರ್ಥ. ಗಾಣಗಾಪುರ ರೋಡಿನಲ್ಲಿ ಇಳಿದವರು ದತ್ತಾತ್ರೇಯನ ದರ್ಶನಕ್ಕೆ ಮತ್ತೆ ಗಾಡಿ ಹಿಡಿಯಬೇಕು. ಅಕ್ಕಲಕೋಟ ರೋಡ್, ಮಂತ್ರಾಲಯಂ ರೋಡ್ ಎಲ್ಲ ಅದೇ ಜಾತಿ. ‘ರೋಡ್’ ಕಂಡರೆ ಇಳಿಯುವ ಮೊದಲೇ ಬಸ್ಸಿನ ಚಿಲ್ಲರೆ ತೆಗೆದಿಡಿ.

ಮಳಖೇಡದಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಲೇಬೇಕು. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಕನ್ನಡದಲ್ಲಿ ಇಂದು ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದ ಶ್ರೀವಿಜಯನದು, ಸುಮಾರು 850ರ ಕಾಲದ್ದು. ಅದಕ್ಕೆ ಮಾದರಿ ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’. ಆ ದಂಡಿ ತನ್ನ ಪುಸ್ತಕದ ಮೂರನೆಯ ಭಾಗದಲ್ಲಿ ಒಗಟುಗಳನ್ನು ಲೆಕ್ಕ ಹಾಕಿ 16 ಬಗೆ ಎಂದು ಹೆಸರಿಸಿದ್ದಾನೆ. ಎರಡು ಪದ ಕೂಡುವ ಸಂಧಿಯೊಳಗೆ ಅರ್ಥ ಅಡಗಿಸಿದರೆ ಅದಕ್ಕೆ ‘ಸಮಾಗತಾ’ ಎಂದು ಹೆಸರು. ನಾವು ಪ್ಯಾಸೆಂಜರ್ ಗಾಡಿಯಲ್ಲಿ ಆಡುತ್ತಿದ್ದದ್ದೂ ಅದೇ! ಅಮೋಘವರ್ಷನ ಹೆಸರಿನಲ್ಲೇ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತ ಪುಸ್ತಕವೂ ಇದೆ. ಇಡೀ ಪುಸ್ತಕ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಅದು ಟಿಬೆಟ್ಟಿನ ಭಾಷೆಗೂ ಹೋಗಿದೆ. ನಮ್ಮ ಸೇಡಂ ತಾಲ್ಲೂಕಿನಿಂದ ಹಿಮಾಲಯದ ಆಚೆಗೆ ಆ ಕಾಲದಲ್ಲಿ ಯಾವ ಗಾಡಿ ಇತ್ತೋ!

ಶಹಾಬಾದಿನ ಒಗಟು ಚಿಕ್ಕದು. “ಕೊನೆಗೆ ‘ಸ್’ ಎಂದರೆ ಬೆನ್ನಿನ ಮೇಲೆ, ‘ದ್’ ಎಂದರೆ ಕಾಲ ಕೆಳಗೆ.” ಪರೀಕ್ಷೆ ಪಾಸಾದವನ ಬೆನ್ನು ತಟ್ಟಿ ಶಹಾಬಾಸ್ ಎನ್ನುತ್ತೇವೆ. ಮನೆಯ ನೆಲಕ್ಕೆ ಹಾಸುವುದು ಶಹಾಬಾದ್ ಕಲ್ಲು, ನಮ್ಮ ಕಡೆಯ ಮಾತಿನಲ್ಲಿ ಫರಸಿ. ನೀವು ಮಹಾರಾಷ್ಟ್ರದ ಯಾವುದೋ ಹಳೆಯ ಮನೆಯಲ್ಲಿ ಬರಿಗಾಲಲ್ಲಿ ನಡೆದು ತಂಪೆನಿಸಿದ್ದರೆ, ಆ ತಂಪು ಇಲ್ಲಿಯದೇ ಇದ್ದೀತು.

ಒಂದು ಮಾತು ಗಮನಿಸಿ. ಶಹಾಬಾಸ್ ನಮಗೆ ಫಾರಸಿಯಿಂದ ಬಂದದ್ದು, ಚಿತ್ತ ಸಂಸ್ಕೃತದಿಂದ, ಸೇಡು ಕನ್ನಡದ್ದು. ನಮ್ಮ ಭಾಗದ ಸ್ಟೇಷನ್ ಬಿಡಿಸಲು ಒಂದು ಭಾಷೆ ಸಾಲದು. “ನೆನಪು ಹೋಗಿ ಬೆಟ್ಟ ಹತ್ತಿ ಕೂತದ” ಎಂಬ ಒಗಟಿಗೆ ಉರ್ದುವಿನ ‘ಯಾದ್’ ಬರಬೇಕು, ಆಗ ಯಾದಗಿರಿ ಸಿಗುತ್ತದೆ. ಅಲ್ಲಿ ಬೆಟ್ಟವೂ ಇದೆ, ಮೇಲೆ ಕೋಟೆಯೂ ಇದೆ. “ಲಂಬಾಣಿಗರದೂ ಅದಾ, ನಮ್ಮದೂ ಅದಾ, ಎರಡೂ ಕೂಡಿ ತೆಲಂಗಾಣಕ್ಕ ಹೋಗ್ಯಾವ.” ತಾಂಡಾ ಮತ್ತು ಊರು, ತಾಂಡೂರು. ಅದಕ್ಕೂ ಮೊದಲು ಬರುವ ಚಿಕ್ಕ ಸ್ಟೇಷನ್ ಊರವರ ಬಾಯಲ್ಲಿ ಕುರಕುಂಟಾ, ರೈಲ್ವೆಯವರ ಇಂಗ್ಲಿಷಿನಲ್ಲಿ ಕುರ್ಗುಂಟಾ. ಗುಂಟಾ ಎಂದರೆ ನನ್ನಂಥವನಿಗೆ ಭೂಮಿಯ ಲೆಕ್ಕ, 40 ಗುಂಟೆಗೆ ಒಂದು ಎಕರೆ. ಕುಂಟ ಎಂದರೆ ತೆಲುಗಿನವರಿಗೆ ಕೆರೆ. ಕನ್ನಡದವ ಮಾಡುವ ತಮಾಷೆ ನರ್ಸಮ್ಮನ ನಿಯಮಕ್ಕೆ ಸಿಕ್ಕಿ ಚಹಾ ಕುಡಿಸಬೇಕಾಗುತ್ತದೆ. ಬ್ಯಾಂಕಿನಲ್ಲಿ ಹೆಸರಿನ ಒಂದು ಅಕ್ಷರ ಬೇರೆಯಾದರೆ ಚೆಕ್ಕು ವಾಪಸ್. ಒಗಟಿನಲ್ಲಿ ಒಂದು ಅಕ್ಷರ ಬೇರೆಯಾದರೆ ಇನ್ನೊಂದು ಒಗಟು ಲಾಭ.

ಹೆಸರು ಪೂರ್ತಿ ಬದಲಾದರೆ ಏನಾಗುತ್ತದೆ? ನಮ್ಮ ಗುಂಪಿನಲ್ಲಿ ಹಳೆಯದೊಂದು ಒಗಟಿತ್ತು: “ಹೂವೂ ಅದಾ, ಎಲಿಯೂ ಅದಾ, ಗಿಡ ಇಲ್ಲ.” ಫಾರಸಿಯಲ್ಲಿ ಗುಲ್ ಎಂದರೆ ಹೂ, ಬರ್ಗ್ ಎಂದರೆ ಎಲೆ. ಗುಲ್ಬರ್ಗಾ. 2014ರ ನವೆಂಬರ್ 1ರಂದು ಊರಿಗೆ ಕಲಬುರಗಿ ಎಂಬ ಕನ್ನಡದ ಹೆಸರೇ ಅಧಿಕೃತವಾಯಿತು, ಸ್ಟೇಷನ್ ಫಲಕವೂ ಬದಲಾಯಿತು. ಮನೆಯಲ್ಲಿ ನಾವು ಮೊದಲಿನಿಂದಲೂ ಕಲಬುರ್ಗಿ ಎಂದೇ ಅನ್ನುತ್ತಿದ್ದೆವು, ಆದ್ದರಿಂದ ನನಗೆ ಸಂತೋಷವೇ. ಆದರೆ ಆ ಒಗಟು ಅಂದು ಅನಾಥವಾಯಿತು. ಮೊಮ್ಮಗಳಿಗೆ ಹೇಳಿದರೆ ‘ಗುಲ್ಬರ್ಗಾ ಎಂದರೆ ಎಲ್ಲಿ?’ ಎಂದಳು. ಹಿರಿಯರು ಕಲಬುರಗಿ ಎಂದರೆ ಕಲ್ಲಿನ ನೆಲ ಎಂದು ಅರ್ಥ ಹೇಳುವುದುಂಟು. ಅದಕ್ಕೇ ಈಗ ಒಗಟನ್ನು ಉದ್ದ ಮಾಡಿದ್ದೇನೆ: “ಮೊದಲು ಹೂವು-ಎಲಿ ಇತ್ತು, ಈಗ ಕಲ್ಲು ಸಿಗ್ತದ. ಊರು ಮಾತ್ರ ಅಲ್ಲೇ ಅದಾ.” ಅವಳು ಬಿಡಿಸಿದಳು. ಎರಡು ಹೆಸರೂ ಅವಳಿಗೆ ಗೊತ್ತಾದವು.

ನನಗೆ ಬಹಳ ಇಷ್ಟದ ಎರಡು ಸಣ್ಣ ಸ್ಟೇಷನ್ನುಗಳು ಎಕ್ಸ್‌ಪ್ರೆಸ್ ಗಾಡಿಯವರ ಕಣ್ಣಿಗೆ ಬೀಳದೆ ಹೋಗುತ್ತವೆ. ಶಹಾಬಾದಿನಿಂದ ಕಲಬುರಗಿಯ ಕಡೆ ಹೋಗುವಾಗ ಒಂದು. ಅಜ್ಜ ಟಿಕೆಟ್ ಕಿಟಕಿಗೆ ಹೋದ. ಎಲ್ಲಿಗೆ ಹೋಗಬೇಕೋ ನೆನಪಾಗಲಿಲ್ಲ. ‘ಮರತೆ’ ಎಂದ. ಒಳಗಿನವ ಸುಮ್ಮನೆ ಟಿಕೆಟ್ ಕೊಟ್ಟ. ಯಾವ ಊರಿನದು? ಮರತ ಊರಿನದು, ಅಂದರೆ ಮರತೂರಿನದು. ಇದನ್ನು ಹೇಳಿದಾಗ ನನ್ನ ವಯಸ್ಸಿನವರು ಮೊದಲು ಜೋರಾಗಿ ನಗುತ್ತಾರೆ, ಆಮೇಲೆ ಜೇಬು ಮುಟ್ಟಿ ಕನ್ನಡಕ ನೋಡಿಕೊಳ್ಳುತ್ತಾರೆ. ಇನ್ನೊಂದು ವಾಡಿಯಿಂದ ಯಾದಗಿರಿಯ ದಾರಿಯಲ್ಲಿದೆ. “ಲೀಪ್ ಇಲ್ಲದ ವರ್ಷದ ಫೆಬ್ರವರಿ ಯಾವ ಸ್ಟೇಷನ್?” ಬಡ್ಡಿ ಲೆಕ್ಕ ಮಾಡಿದ ಕೈ, ಇದನ್ನು ಕಟ್ಟಿದವ ನಾನೇ. 28 ದಿನ ಎಂದರೆ ಸರಿಯಾಗಿ ನಾಲ್ಕು ವಾರ. ನಾಲವಾರ! ರಾಯ ಚೂರುಚೂರಾದ ಊರು ಯಾವುದು ಎಂಬಂಥವು ನನಗೆ ಅಷ್ಟು ರುಚಿಸುವುದಿಲ್ಲ. ಕೇಳುವ ಮೊದಲೇ ಉತ್ತರ ಗೊತ್ತಾದರೆ ಕೇಳುವುದೇಕೆ?

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಮಕ್ಕಳಿಗೆ ಸಂಜೆ ಇವನ್ನೆಲ್ಲ ಹಾಕುತ್ತಿದ್ದೆ. ಅವರವರ ಊರಿನ ಒಗಟನ್ನು ಅವರವರು ಕಲಿತು ಮೆರೆಯುತ್ತಿದ್ದರು. ಪಕ್ಕದ ಮನೆಗೆ ಚಿಂಚೋಳಿಯಿಂದ ಬಂದ ಹುಡುಗಿ ಒಬ್ಬಳು ಎಲ್ಲ ಒಗಟನ್ನೂ ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದಳು. ಮೂರನೆಯ ದಿನ ಕೇಳಿದಳು: “ಮುತ್ಯಾ, ನಮ್ಮೂರಿಂದು ಯಾವಾಗ ಹಾಕ್ತಿ?”

ನನ್ನ ಬಾಯಿ ಕಟ್ಟಿತು. ಚಿಂಚೋಳಿಗೆ ಸ್ಟೇಷನ್ ಇಲ್ಲ. 1874ರ ಹಳಿ ಚಿಂಚೋಳಿಯನ್ನು ಉತ್ತರಕ್ಕೆ ಬಿಟ್ಟು ಸೇಡಂ, ತಾಂಡೂರಿನ ಮೇಲೆ ಹೋಯಿತು. ಈಚೆಗೆ 2017ರಲ್ಲಿ ಬೀದರ-ಕಲಬುರಗಿ ಮಾರ್ಗ ಶುರುವಾಯಿತು, ಅದು ಹುಮನಾಬಾದ್, ಕಮಲಾಪುರದ ಮೇಲೆ ಹೋಗುತ್ತದೆ. ಚಿಂಚೋಳಿಯವರು ಗಾಡಿ ಹತ್ತಲು ಇಂದಿಗೂ ಬಸ್ಸು ಹಿಡಿದು ತಾಂಡೂರಿಗೋ ಸೇಡಂಗೋ ಬರಬೇಕು. ಅಲ್ಲಿ ಕಾಡಿದೆ, ಚಂದ್ರಂಪಳ್ಳಿಯ ಕೆರೆಯಿದೆ, ತೊಗರಿ ಇದೆ, ಹಳಿ ಮಾತ್ರ ಇಲ್ಲ. “ಸ್ಟೇಷನ್ ಇದ್ದ ಊರಿಗಷ್ಟೇ ಒಗಟವ್ವಾ” ಎಂದು ಒಬ್ಬ ಹುಡುಗ ನನಗಿಂತ ಮೊದಲೇ ಹೇಳಿಬಿಟ್ಟ. ಅವಳು ಏನೂ ಅನ್ನದೆ ಎದ್ದು ಹೋದಳು.

ಆ ರಾತ್ರಿ ನಾನು ಚಿಂಚೋಳಿಯನ್ನು ಎಲ್ಲ ಕಡೆ ಮುರಿದು ನೋಡಿದೆ. ಒಳಗೆ ಚೋಳಿ ಇದೆ, ಎಂದರೆ ಕುಬ್ಬಸ. ಅದಕ್ಕಿಂತ ಮುಂದೆ ಹೋಗಲಿಲ್ಲ. ಮರುದಿನ ಸಂಜೆ ಆ ಹುಡುಗಿಯೇ ಬಂದಳು, ಮುಖದ ತುಂಬ ನಗು. ಅವಳ ಆಯಿಯ ತವರು ಮಹಾರಾಷ್ಟ್ರದ ಕಡೆ. ಫೋನಿನಲ್ಲಿ ಆಯಿಯನ್ನು ಕೇಳಿದ್ದಾಳೆ. ಆಯಿ ಹೇಳಿದ್ದು ಒಂದೇ ಮಾತು: ಮರಾಠಿಯಲ್ಲಿ ಹುಣಸೆಗೆ ‘ಚಿಂಚ’ ಅನ್ನುತ್ತಾರೆ. ಉಳಿದದ್ದನ್ನು ಹುಡುಗಿ ತಾನೇ ಕಟ್ಟಿಕೊಂಡು ಬಂದಿದ್ದಳು. ಎಲ್ಲರ ನಡುವೆ ನಿಂತು ಕೇಳಿದಳು:

“ಹುಳಿ ಅದಾ, ಹಳಿ ಇಲ್ಲ. ಯಾವ ಊರು?”

ಓಣಿಯಲ್ಲಿ ಒಬ್ಬರಿಗೂ ಬರಲಿಲ್ಲ. ‘ಒಗಟವ್ವಾ’ ಎಂದಿದ್ದ ಹುಡುಗ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವಳೇ ಉತ್ತರ ಹೇಳಿದಳು. ಆಮೇಲೆ ಹಾಳೆಯ ಮೇಲೆ ‘ಹುಳಿ’ ಎಂದು ಬರೆದು, ರಬ್ಬರು ತೆಗೆದುಕೊಂಡು ಕೊಂಬನ್ನು ಅಳಿಸಿದಳು. ‘ಹಳಿ’ ಉಳಿಯಿತು. “ನೋಡು ಮುತ್ಯಾ, ಸೇಡಂ ಹಂಗೇ ಇದೂ. ಒಂದ್ ಕೊಂಬ್ ಮುರದ್ರ ನಮ್ಮೂರಿಗಿ ರೈಲ್ ಬರ್ತದ. ಯಾರಿಗಿ ಹೇಳಬೇಕು?”

ಯಾರಿಗೆ ಹೇಳಬೇಕೆಂದು ನಾನು ವಿಳಾಸ ಬರೆದುಕೊಟ್ಟೆ. ರೈಲ್ವೆಯ ದೊಡ್ಡ ಅಧಿಕಾರಿಗಳಿಗೆ ಒಂದು ಕಾರ್ಡು ಹಾಕಿದ್ದಾಳೆ, ಒಗಟನ್ನೂ ಅದರಲ್ಲಿ ಬರೆದಿದ್ದಾಳೆ. ಉತ್ತರ ಬಂದಿಲ್ಲ. ಎರಡನೆಯ ಕಾರ್ಡಿಗೆ ದುಡ್ಡು ನನ್ನ ಹತ್ತಿರ ತೆಗೆದುಕೊಂಡು ಹೋಗಿದ್ದಾಳೆ.

ಈಗ ನಿಮ್ಮ ಸರದಿ. ಮೂರು ಒಗಟು ಕೊಡುತ್ತೇನೆ. ಮೂರೂ ಈ ಹಳಿಯ ಮೇಲಿನ ಸ್ಟೇಷನ್ನುಗಳೇ. ಒಂದು ಮರತೂರಿನಿಂದ ಕಲಬುರಗಿಗೆ ಹೋಗುವಾಗ ಸಿಗುತ್ತದೆ, ಉಳಿದೆರಡು ಕಲಬುರಗಿಯಿಂದ ಸೊಲ್ಲಾಪುರದ ದಾರಿಯಲ್ಲಿ. ಉತ್ತರ ಬರೆಯುವುದಿಲ್ಲ. ಫಲಕದ ಮೇಲಿನ ಸಾಲು ಓದುತ್ತಾ ಹೋದರೆ ಸಿಕ್ಕೇ ಸಿಗುತ್ತದೆ.

“ಯಾವ ಊರು ಎಂದು ಟಿ.ಸಿ. ಕೇಳಿದ. ‘ನಂದೇ’ ಎಂದ ಹಿರಿಯ. ಟಿ.ಸಿ. ಒಪ್ಪಿಕೊಂಡು ಮುಂದೆ ಹೋದ.”

“ಹುಳಿ ತುಂಬಿಕೊಂಡು ಬಂದ ಹಡಗು, ಸಮುದ್ರ ಇಲ್ಲದ ಕಡೆ ನಿಂತುಬಿಟ್ಟಿದೆ.”

“ಹಾಲು ಹಿಂದಿಯದು, ಹನಿ ಕನ್ನಡದ್ದು, ಸ್ಟೇಷನ್ ಮಹಾರಾಷ್ಟ್ರದ್ದು.” ಇದಕ್ಕೆ ಒಂದು ಸುಳುಹು: ‘ಹ’ ಸ್ವಲ್ಪ ನುಂಗಿ ಹೇಳಿ, ಹಲ್ಲು ಬಿದ್ದ ಅಜ್ಜನ ಹಾಗೆ.